ಏಳು ಕೆಂಪು ಬಾಗಿಲು

ಅಮೆರಿಕದ ನಮ್ಮ ಊರು ಲೆವಿಟ್‌ಟೌನ್‌ನಲ್ಲಿ ಆಗ ಎಲ್ಲ ಮನೆಯೂ ಒಂದೇ ಅಚ್ಚಿನವು. ಕಣ್ಣು ಕಟ್ಟಿ ಬಿಟ್ಟರೂ ಯಾರ ಮನೆಯ ಅಡುಗೆಕೋಣೆಗೆ ಬೇಕಾದರೂ ನಡೆದು ಹೋಗಬಹುದಿತ್ತು. ಸಂಜೆ ರೈಲಿಳಿದು ಬಂದ ಗಂಡಸರು ಪಕ್ಕದ ಮನೆಗೆ ನುಗ್ಗಿ, ಕೋಟು ಕಳಚಿ, ಯಾರದೋ ಹೆಂಡತಿಯನ್ನು "ಊಟಕ್ಕೇನು?" ಎಂದು ಕೇಳುವುದು ಮಾಮೂಲು. ನನ್ನಮ್ಮ ಹಾಗೆ ಬಂದವರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಎದುರು ಮನೆಯ ಕಾಜಿಮಿರ್ ಡೊಂಬೆಕ್ ಮಾಮ ಬಸ್ಸು ಓಡಿಸುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು, ಒಬ್ಬನೇ ಮಗ ಲಿಯೋನ್. ಆ ಹುಡುಗನಂತೂ ವಾರಕ್ಕೆರಡು ಸಲ ದಾರಿ ತಪ್ಪಿ ನಮ್ಮ ಮನೆಗೇ ಬರುತ್ತಿದ್ದ. ಕೊರಿಯಾ ಯುದ್ಧಕ್ಕೆ ಹೋದವನು ಅಲ್ಲಿಂದ ಬರೆದ: "ಅಪ್ಪ, ಬಾಗಿಲಿಗೆ ಕೆಂಪು ಬಳಿದಿರು. ಈ ಸಲವಾದ್ರೂ ಸೀದಾ ನಮ್ಮನೆಗೆ ಬರ್ತೀನಿ."

ಮಾಮ ಮರುದಿನವೇ ಬಳಿದ. ನಮ್ಮ ಬೀದಿಯವರ ಬುದ್ಧಿ ನನಗೆ ಗೊತ್ತಿಲ್ಲವೇ? ಒಬ್ಬರು ಕೊಡೆ ಕೊಂಡರೆ ಬಿಸಿಲಲ್ಲೂ ಎಲ್ಲರಿಗೂ ಕೊಡೆ ಬೇಕು. ಹದಿನೈದು ದಿನದಲ್ಲಿ ಅವನದೂ ಸೇರಿ ಏಳು ಬಾಗಿಲು ಕೆಂಪಾದವು. ಅವನನ್ನು ನೋಡಿ ಮೊದಲು ಬಳಿದವಳು ನನ್ನಮ್ಮ.

ಐವತ್ತೊಂದನೆಯ ಇಸವಿಯ ಏಪ್ರಿಲ್, ಮಧ್ಯಾಹ್ನ. ನನಗೆ ಎಂಟು ವರ್ಷ, ಜ್ವರ ಬಂದು ಮಲಗಿದ್ದೆ. ಅಮ್ಮ ಅಂಗಡಿಗೆ ಹೋಗುವಾಗ ಯಾರು ಬಂದರೂ ತೆಗೆಯಬೇಡ ಎಂದಿದ್ದಳು. ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಸೈನಿಕನ ಬಟ್ಟೆ; ಲಿಯೋನ್ ನಿಲ್ಲುತ್ತಿದ್ದ ಹಾಗೆಯೇ ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದ. ಮೂರು ಸಲ ಬಡಿದ. ನಾನು ಮುಖದ ಮೇಲೆ ಕಂಬಳಿ ಎಳೆದುಕೊಂಡೆ. ಮತ್ತೆ ನೋಡಿದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಮೂರು ದಿನದ ಮೇಲೆ ಮಾಮನಿಗೆ ತಂತಿ ಬಂತು. ಯುದ್ಧದಲ್ಲಿ ಲಿಯೋನ್ ಕಾಣೆಯಾಗಿ ಆಗಲೇ ಎರಡು ವಾರವಾಗಿತ್ತಂತೆ.

ಮಾಮ ಬಣ್ಣದ ಡಬ್ಬ ಹಿಡಿದು ಮನೆಮನೆಗೆ ಬಂದ. "ನಿಮ್ಮ ದಮ್ಮಯ್ಯ, ಬಿಳಿ ಬಳೀರಿ. ಅವನಿಗೆ ಗುರುತು ಸಿಗಲ್ಲ. ಮೊದಲೇ ಪೆದ್ದ ನನ್ಮಗ." ಎಲ್ಲರೂ ತಲೆ ತಗ್ಗಿಸಿ ಬಳಿದರು. ಅಂದಿನಿಂದ ದಿನಾ ಸಂಜೆ ಕೆಲಸ ಮುಗಿಸಿ ಬಂದವನು ನಮ್ಮ ಮೆಟ್ಟಿಲ ಹತ್ತಿರ ನಿಂತು ಕೇಳುತ್ತಿದ್ದ: "ಯಾರಾದ್ರೂ ತಪ್ಪಿ ಬಂದಿದ್ರಾ?"

"ಇಲ್ಲ" ಎನ್ನುತ್ತಿದ್ದೆ. ನಲವತ್ತು ವರ್ಷ ಅದೇ ಸುಳ್ಳು. ಈ ಹಾಳು ನಾಲಿಗೆಗೆ ಅದೆಷ್ಟು ಸಲೀಸಾಗಿತ್ತು.

ಜನ ಮನೆಗಳನ್ನು ಎತ್ತರಿಸಿದರು, ಅಗಲಿಸಿದರು, ಗುರುತೇ ಸಿಗದ ಹಾಗೆ ಮಾಡಿದರು. ಮಾಮ ಒಂದು ಮೊಳೆಯನ್ನೂ ಬದಲಿಸಲಿಲ್ಲ. ನಾನೂ ಎಲ್ಲಿಗೂ ಹೋಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅದೇ ಮನೆಯಲ್ಲೇ ಉಳಿದೆ.

ಅವನು ಹಾಸಿಗೆ ಹಿಡಿದಾಗ ಸೂಪು ಕೊಡಲು ಹೋಗಿದ್ದೆ. "ಫಿಲೊಮಿನಾ, ಯಾರಾದ್ರೂ ತಪ್ಪಿ..."

"ಬಂದಿದ್ದ," ಎಂದುಬಿಟ್ಟೆ. "ತಂತಿ ಬರೋಕೆ ಮೂರು ದಿನ ಮುಂಚೆ. ನಾನೇ ತೆಗೀಲಿಲ್ಲ ಮಾಮ. ಹೆದರ್ಕೊಂಡೆ."

ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಒಂದೇ ಕಾಲ ಮೇಲೆ ನಿಂತಿದ್ನಾ?"

"ಹೂಂ."

ಅವನು ಸೂಪಿನ ಬಟ್ಟಲನ್ನು ಪಕ್ಕಕ್ಕಿಟ್ಟ. ಆಮೇಲೆ ಹೇಳಿದ: "ನಿನ್ನ ಬಾಗಿಲಿಗೆ ಮತ್ತೆ ಕೆಂಪು ಬಳಿಯೇ. ಅವನು ನಿಮ್ಮನೆಗೇ ಬರೋದು."

ಮಾಮ ಹೋಗಿ ಎಷ್ಟೋ ವರ್ಷವಾಯಿತು. ಪ್ರತಿ ಏಪ್ರಿಲ್‌ನಲ್ಲಿ ಬಳಿಯುತ್ತೇನೆ. ಮಧ್ಯಾಹ್ನದ ಹೊತ್ತು ಚಿಲಕ ಹಾಕುವುದಿಲ್ಲ. ಸದ್ದಾದರೆ ಈಗಲೂ ಹೆದರುತ್ತೇನೆ, ಆದರೆ ಎದ್ದು ಹೋಗಿ ತೆಗೆಯುತ್ತೇನೆ.