ಫೋನಿನಲ್ಲಿ ಮೇಲೆ ಬಂದ ಕಾರಿನಂಗಡಿ

ಆಗ ನನಗೆ ಅರವತ್ತಮೂರು ವರ್ಷ. ಏಳು ವರ್ಷದ ಹಿಂದಿನ ಮಾತು. ಮೀನಿನ ಬುಟ್ಟಿ ಹೊರುವುದನ್ನು ಆಗಲೂ ಬಿಟ್ಟಿರಲಿಲ್ಲ, ಈಗಲೂ ಬಿಟ್ಟಿಲ್ಲ.

ನನ್ನ ಅಳಿಯ ನಾವುಂದದಲ್ಲಿ ಹೆದ್ದಾರಿ ಬದಿಗೆ ಹಳೆ ಕಾರು ಮಾರುವ ಅಂಗಡಿ ಇಟ್ಟಿದ್ದ. ಒಂದು ತಗಡಿನ ಚಪ್ಪರ, ಅದರಡಿ ಏಳೆಂಟು ಕಾರು, ಒಂದು ಮೇಜು. ಎದುರಿಗೆ ಅವನನ್ನು ‘ನೀವು’ ಎನ್ನುತ್ತೇನೆ, ಬರೆಯುವಾಗ ‘ಅವನು’ ಎನ್ನುತ್ತೇನೆ. ಅಳಿಯನಿಗೆ ಅಷ್ಟು ಮರ್ಯಾದೆ ಸಾಕು. ಅಂಗಡಿ ಇಡುವ ಮೊದಲು ಅವನು ಮುಂಬೈಯಲ್ಲಿ ತನ್ನ ಅಣ್ಣನ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದ. ಗಿರಾಕಿಗಳ ಎದುರೇ ಅಣ್ಣ ಅವನನ್ನು ಟೇಬಲ್ ಒರೆಸಲು ಎಬ್ಬಿಸುತ್ತಿದ್ದನಂತೆ. ಅದು ತಡೆಯದೆ ಊರಿಗೆ ಬಂದವನು.

ಹೆದ್ದಾರಿ ಅಗಲವಾದ ಮೇಲೆ ವ್ಯಾಪಾರ ಮಲಗಿತು. ರಸ್ತೆಯ ನಡುವೆ ಕಟ್ಟೆ ಕಟ್ಟಿದರು. ಕುಂದಾಪುರದ ಕಡೆಯಿಂದ ಬರುವವರಿಗೆ ಅಂಗಡಿ ಆಚೆ ಬದಿಗೆ ಕಾಣುತ್ತಿತ್ತು, ಆದರೆ ಬರಬೇಕೆಂದರೆ ಕಿರಿಮಂಜೇಶ್ವರದವರೆಗೆ ಹೋಗಿ ತಿರುಗಿಸಿಕೊಂಡು ಬರಬೇಕು. ಅಷ್ಟು ದೂರ ಹೋದವರು ಬೈಂದೂರಿಗೇ ಹೋಗುತ್ತಿದ್ದರು. ಇತ್ತ ಅಣ್ಣ, ಕೌಂಟರ್ ಖಾಲಿ ಇದೆ ಎಂದು ಹೇಳಿ ಕಳಿಸಿದ. ದೀಪಾವಳಿಯವರೆಗೆ ನೋಡುತ್ತೇನೆ, ಆಗದಿದ್ದರೆ ಮುಚ್ಚಿ ಮುಂಬೈಗೆ ಹೋಗುವುದೇ ಎಂದ ಅಳಿಯ. ಅಂದು ಅಂಜಲ್ ಮೀನಿನ ಸಾರು ಇದ್ದರೂ ಊಟ ಬಿಟ್ಟು ಎದ್ದ. ಆಗ ನನಗೆ ಸಂಗತಿ ದೊಡ್ಡದು ಎಂದು ಗೊತ್ತಾಯಿತು.

ಆ ವಾರವೇ ಬ್ರಹ್ಮಾವರದಿಂದ ಒಬ್ಬ ಬಂದ. ಅಂಗಡಿಗಳನ್ನು ಇಂಟರ್ನೆಟ್ಟಿನಲ್ಲಿ ಮೇಲೆ ತರುವುದು ಅವನ ಕಸುಬಂತೆ. ಈಗ ಕಾರು ಕೊಳ್ಳುವವರು ರಸ್ತೆ ನೋಡುವುದಿಲ್ಲ, ಫೋನು ನೋಡುತ್ತಾರೆ. ಹಳೆ ಕಾರು ಬೇಕು ಎಂದು ಹುಡುಕಿದರೆ ಸಾಲಾಗಿ ಅಂಗಡಿಗಳು ಬರುತ್ತವೆ. ನಿಮ್ಮದು ಎಲ್ಲೋ ಅಡಿಯಲ್ಲಿದೆ, ತಿಂಗಳಿಗಿಷ್ಟು ಎಂದು ಕೊಟ್ಟರೆ ಮೇಲೆ ತರುತ್ತೇನೆ ಎಂದ. ನನಗೆ ಚೆನ್ನಾಗಿ ಅರ್ಥವಾಯಿತು. ಬುಟ್ಟಿಯಲ್ಲಿ ದೊಡ್ಡ ಮೀನನ್ನು ನಾನೂ ಮೇಲೆಯೇ ಇಡುತ್ತೇನೆ. ಆದರೆ ಕೊಳ್ಳುವವಳು ಕಿವಿರು ಎತ್ತಿ ನೋಡದೆ ಬಿಡುವುದಿಲ್ಲ.

“ಮೇಲ್ ಬಂದ್ರೆ ಕಾರ್ ಹೋತ್ತಾ?” ಎಂದು ಕೇಳಿದೆ.

“ಜನ ಬತ್ತ್ರ್ ಅಮ್ಮ. ಮಾರೂದ್ ನಿಮ್ಮ ಕೆಲ್ಸ,” ಎಂದ.

ಅಳಿಯ ಒಪ್ಪಿದ. ಹೊರಡುವಾಗ ಬ್ರಹ್ಮಾವರದವನು, ಜನ ಹೆಚ್ಚು ನೋಡಿದಷ್ಟೂ ಒಳ್ಳೆಯದು ಎಂದು ಒಂದು ಮಾತು ಹೇಳಿ ಹೋದ. ಅಳಿಯ ಅದನ್ನು ಮುಂಬೈಯಲ್ಲಿರುವ ನನ್ನ ತಮ್ಮನಿಗೆ ಹೇಳಿದ. ತಪ್ಪಾದದ್ದು ಅಲ್ಲಿ. ತಮ್ಮ ಇರುವ ಚಾಳಿನಲ್ಲಿ ನಮ್ಮ ಊರಿನವರದೇ ಮನೆಗಳು. ಅವನು ಮದುವೆಗೆ ಕರೆಯುವ ಹೇಳಿಕೆ ಕೊಟ್ಟಂತೆ ಮನೆಮನೆಗೆ ಹೋಗಿ, ದಿನಕ್ಕೊಂದು ಸಲ ಫೋನಿನಲ್ಲಿ ನಮ್ಮ ಅಳಿಯನ ಅಂಗಡಿ ಒತ್ತಿ ನೋಡಬೇಕು ಎಂದು ಹೇಳಿ ಬಂದ.

ನಮ್ಮವರು ಹೇಳಿಕೆ ಬಂದಲ್ಲಿಗೆ ಹೋಗದೆ ಇರುವವರಲ್ಲ. ಹೋದರೆ ಸಾಲದು, ಹೋದದ್ದು ಯಜಮಾನನ ಕಣ್ಣಿಗೆ ಬೀಳಬೇಕು. ಹಾಗಾಗಿ ಒತ್ತಿದವರೆಲ್ಲ ಅಳಿಯನಿಗೆ ಫೋನು ಮಾಡಿ ಒತ್ತಿದೆ ಎಂದು ತಿಳಿಸತೊಡಗಿದರು. ಅದೇ ಚಾಳಿನಲ್ಲಿದ್ದ ನನ್ನ ದೊಡ್ಡಮ್ಮನ ಮಗಳು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒತ್ತುತ್ತಿದ್ದಳು, ಎರಡು ಸಲವೂ ಫೋನು ಮಾಡುತ್ತಿದ್ದಳು. ಕಾಲು ನೋವಿನ ವಿಷಯವನ್ನೂ ಹೇಳುತ್ತಿದ್ದಳು. ಅಳಿಯ ಸಾಕಾಗಿ ಫೋನಿನ ಸದ್ದು ತೆಗೆದು ಮೇಜಿನ ಡ್ರಾಯರಿಗೆ ಹಾಕಿದ.

ಎಷ್ಟು ಜನ ನೋಡಿದರು ಎಂದು ಬ್ರಹ್ಮಾವರದವನ ಲೆಕ್ಕ ಬಂತು. ನೋಡಿದವರಲ್ಲಿ ಹೆಚ್ಚಿನವರು ಮುಂಬೈಯವರು! ಅಳಿಯ ಹಿಗ್ಗಿ ಕಾರುಗಳನ್ನೆಲ್ಲ ತೊಳೆಸಿದ, ಹಿಂದಿಯಲ್ಲಿ ಒಂದು ಬೋರ್ಡು ಬರೆಸಿದ. ಅದು ಒತ್ತಿದ ನಮ್ಮವರದೇ ಲೆಕ್ಕ ಎಂದು ಅವನಿಗೆ ಹೊಳೆಯಲೇ ಇಲ್ಲ. ಮುಂಬೈಯಿಂದ ಯಾರೂ ಬರಲಿಲ್ಲ.

ಬಂದದ್ದು ಹಟ್ಟಿಯಂಗಡಿಯ ಒಬ್ಬ ಮಾಷ್ಟ್ರು, ಎರಡು ಬಸ್ಸು ಹತ್ತಿ, ಬೆವರು ಸುರಿಸಿಕೊಂಡು. ನಾನು ಮೀನು ಮುಗಿಸಿ ಚಪ್ಪರದಡಿ ಕೂತಿದ್ದೆ.

“ಹ್ವಾಯ್, ಇದ್ ಅಂಗ್ಡಿಯಾ ಎಂತ? ನಾಕ್ ದಿನದಿಂದ ಫೋನ್ ಮಾಡ್ತಾ ಇದ್ದೆ, ಎತ್ತುಕೆ ಜನ ಇಲ್ಯಾ?”

ಮಾಷ್ಟ್ರು ಜೇಬಿನಿಂದ ಫೋನು ತೆಗೆದು ತೋರಿಸಿದರು. ನಮ್ಮ ಅಂಗಡಿ ಎಲ್ಲರಿಗಿಂತ ಮೇಲೆ ಇತ್ತು. ಚಪ್ಪರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಫೋಟೋದಲ್ಲಿ ನೋಡಿದ ಬಿಳಿ ಕಾರೇ ಬೇಕು ಎಂದರು. ಅಳಿಯ ಅದಕ್ಕೆ ಸುಗಂಧದ ಎಣ್ಣೆ ಹಾಕಿ ಇಟ್ಟಿದ್ದ.

“ಬಿಳಿದ್ ಬ್ಯಾಡ ಮಾಷ್ಟ್ರೆ,” ಎಂದೆ. “ಒಂದ್ ವರ್ಷ ನನ್ನ ಬಂಗುಡೆ ಎಲ್ಲ ಅದ್ರಗೇ ಬಂದದ್ದ್. ವಾಸ್ನೆ ಹೋತಿಲ್ಲೆ.”

ಅಳಿಯ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಮಾಷ್ಟ್ರು ಡಿಕ್ಕಿಗೆ ತಲೆ ಹಾಕಿ, ತಕ್ಷಣ ಹೊರಗೆ ತೆಗೆದರು. ಪಕ್ಕದ ನೀಲಿ ಕಾರನ್ನು ತೋರಿಸಿ, ಅದರಲ್ಲಿ ಏನು ಬಂದಿತ್ತು ಎಂದು ಕೇಳಿದರು.

“ಎಂತದೂ ಇಲ್ಲೆ. ಅದ್ರ ಡಿಕ್ಕಿಗೆ ನನ್ನ ಬುಟ್ಟಿ ಹಿಡಿತಿಲ್ಲೆ.”

ಮಾಷ್ಟ್ರು ನೀಲಿಯದನ್ನು ಕಿರಿಮಂಜೇಶ್ವರದವರೆಗೆ ಓಡಿಸಿ ನೋಡಿ, ಅದನ್ನೇ ಕೊಂಡರು.

ಅವರು ಹೋದ ಮೇಲೆ ಅಳಿಯ ಡ್ರಾಯರಿನಿಂದ ಫೋನು ತೆಗೆದ. ಎತ್ತದೆ ಉಳಿದ ಕರೆಗಳ ಸಾಲು: ನನ್ನ ತಮ್ಮ, ದೊಡ್ಡಮ್ಮನ ಮಗಳು, ಮತ್ತೆ ದೊಡ್ಡಮ್ಮನ ಮಗಳು. ನಡುನಡುವೆ ಗುರುತಿಲ್ಲದ ನಂಬರುಗಳು. ಅವಕ್ಕೆ ಒಂದೊಂದಾಗಿ ಫೋನು ಮಾಡಿದ. ಒಬ್ಬರು ಕುಂದಾಪುರದಲ್ಲಿ ಕಾರು ಕೊಂಡಾಗಿತ್ತು. ಇನ್ನೊಬ್ಬರು, ನೀವು ಅಂಗಡಿ ಮುಚ್ಚಿದ್ದೀರಿ ಅಂದುಕೊಂಡೆ ಎಂದರು. ಇಬ್ಬರು ಭಾನುವಾರ ಬರುತ್ತೇವೆ ಎಂದರು. ಬ್ರಹ್ಮಾವರದವನಿಗೆ ಕೊಟ್ಟದ್ದು ದಂಡವಾಯಿತೋ ಏನೋ ಎಂದು ಅಳಿಯ ಆವರೆಗೂ ಗೊಣಗುತ್ತಿದ್ದ.

“ಅವ ಜನ ತಂದ್ ಬಾಗ್ಲಿಗ್ ನಿಲ್ಸಿದ,” ಎಂದೆ. “ಬಾಗ್ಲ್ ಹಾಕಿ ಕೂತದ್ದ್ ನೀವ್. ಎಲ್ರ ಕೆಳ್ಗ್ ಇದ್ದಿರೆ ಆ ಮಾಷ್ಟ್ರ್ ಇಲ್ಲಿಗ್ ಬತ್ತಿದ್ರಾ?”

ಅಳಿಯ ಇನ್ನೂ ಆರು ತಿಂಗಳು ಮುಂದುವರಿಸು ಎಂದು ಬ್ರಹ್ಮಾವರಕ್ಕೆ ಹೇಳಿದ, ಕೌಂಟರಿಗೆ ಬೇರೆ ಯಾರನ್ನಾದರೂ ಕೂರಿಸು ಎಂದು ಅಣ್ಣನಿಗೆ ಹೇಳಿದ. ಅಂದಿನ ಊಟಕ್ಕೆ ಎರಡು ಸಲ ಸಾರು ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ನಾನು ಮುಂಬೈಯ ತಮ್ಮನಿಗೆ ಫೋನು ಮಾಡಿ, ಇನ್ನು ಯಾರೂ ಒತ್ತಬಾರದು ಎಂದೆ. ಅವನಿಗೆ ಬೇಜಾರಾಯಿತು.

“ನಾವೆಂತ ಹೊರ್ಗಿನವ್ರಾ ಅಕ್ಕ?”

“ನೀ ಕಾರ್ ತಕಂತ್ಯಾ?” ಎಂದು ಕೇಳಿದೆ. ಫೋನು ಇಟ್ಟು, ಖಾಲಿ ಬುಟ್ಟಿಯನ್ನು ಬಿಳಿ ಕಾರಿನ ಡಿಕ್ಕಿಗೆ ಹಾಕಿ, ಅಳಿಯನನ್ನು ಎಬ್ಬಿಸಿಕೊಂಡು ಗಂಗೊಳ್ಳಿ ಬಂದರಿಗೆ ಹೋದೆ. ಆ ಕಾರು ಹೇಗೂ ಮಾರಾಟವಾಗುವಂತಿರಲಿಲ್ಲ.