ಮಡಕೆಯ ಒಳಮೈ

ಯಾವ ಪಾತ್ರೆ ಕೈಗೆ ಕೊಟ್ಟರೂ ನಮ್ಮ ಕುಂಬಾರಿಕೆ ಟೀಚರ್ ಮೊದಲು ಅದರೊಳಗೆ ಎರಡು ಬೆರಳು ಇಳಿಬಿಡುತ್ತಿದ್ದರು. ಹಸಿಶುಂಠಿಯ ಹಾಗೆ ಗೆಣ್ಣು ಗೆಣ್ಣಾದ ಬೆರಳು, ಒತ್ತಿ ಕತ್ತರಿಸಿದ ಉಗುರು. ಕಣ್ಣು ಬೇರೆಲ್ಲೋ ಇರುತ್ತಿತ್ತು. ಬೆರಳು ಮಾತ್ರ ಒಳಗೋಡೆಯನ್ನು ಸುತ್ತಿ ಬರುತ್ತಿತ್ತು. ನಮ್ಮ ಮನೆಗೆ ಮೊದಲ ಸಲ ಬಂದಾಗ, ನಾನು ಕಾಫಿ ಬಗ್ಗಿಸುವ ಮೊದಲೇ ಸ್ಟೀಲ್ ಲೋಟದೊಳಗೂ ಹಾಗೆಯೇ ಮಾಡಿದರು. ಆ ಲೋಟವನ್ನು ನಾನು ಮತ್ತೆ ತೊಳೆದು ತಂದರೆ ಒಂದಿಷ್ಟೂ ಬೇಸರಿಸಲಿಲ್ಲ. “ಹೊರಗಿನ ಮೈ ನೋಡೋರಿಗೆ. ಮಾಡಿದವರು ಸಿಗೋದು ಒಳಗೆ,” ಎಂದರು.

ಚಿಕ್ಕ ಮಗಳೂ ಸ್ಕೂಲಿಗೆ ಹೋಗಲು ಶುರುಮಾಡಿದ ವರ್ಷ, ಅಮೆರಿಕದ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ನಮ್ಮ ಮನೆ ಹತ್ತಿರದ ಕಮ್ಯುನಿಟಿ ಸೆಂಟರಿನಲ್ಲಿ ನಾನು ಅವರ ಕ್ಲಾಸಿಗೆ ಸೇರಿದೆ. ಚೆನ್ನಾಗಿ ಬಂದ ಮಡಕೆಯನ್ನೇ ಆರಿಸಿ, ತಂತಿಯಿಂದ ನಟ್ಟನಡುವೆ ಸೀಳಿ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತೋರಿಸುವುದು ಅವರ ಪಾಠದ ಕ್ರಮ. ವಾರಗಟ್ಟಲೆ ಕಷ್ಟಪಟ್ಟು ಎತ್ತಿದ ನನ್ನ ಮೊದಲ ಹೂಜಿಯನ್ನು ಸೀಳಿದಾಗ ನನಗೆ ಅಳುವೇ ಬಂತು. “ಅಳು ಮಿಹಾ, ಆದರೆ ಅಳ್ತಾ ನೋಡು,” ಎಂದರು. ಮಿಹಾ ಅಂದರೆ ಅವರ ಸ್ಪ್ಯಾನಿಷಿನಲ್ಲಿ ಮಗಳೇ ಎಂದು. ಉಳಿದ ಮಾತೆಲ್ಲ ಇಂಗ್ಲಿಷಿನಲ್ಲೇ ಆಗುತ್ತಿತ್ತು; ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ.

ಅವರ ಊರು ಪೆರುವಿನ ಉತ್ತರ ಕರಾವಳಿ. ಇಂಕಾಗಳು ತಲೆಯೆತ್ತುವುದಕ್ಕೂ ಎಷ್ಟೋ ಶತಮಾನ ಮೊದಲು ಅಲ್ಲಿ ಮೋಚೆ ಎಂಬ ಜನ ಹಸಿ ಇಟ್ಟಿಗೆಯಲ್ಲಿ ಗುಡ್ಡದಂಥ ಗುಡಿಗಳನ್ನು ಕಟ್ಟಿದ್ದರು. ಮನುಷ್ಯರ ಮುಖವನ್ನೇ ಮಡಕೆಯಾಗಿ ಮಾಡಿ, ಸತ್ತವರ ಜೊತೆ ಹೂಳುತ್ತಿದ್ದರು. ಒಂದೊಂದು ಮಡಕೆಯೂ ನಿಜವಾಗಿ ಬದುಕಿದ್ದ ಒಬ್ಬೊಬ್ಬನ ಮುಖ. ಒಬ್ಬನ ತುಟಿ ಸೀಳಿದ್ದರೆ ಇನ್ನೊಬ್ಬ ನಗು ತಡೆದುಕೊಂಡಿರುತ್ತಾನೆ. ಕ್ಲಾಸಿನಲ್ಲಿ ಯಾರಾದರೂ ಇದನ್ನು ಇಂಕಾ ಅಂದರೆ, ಅದರಲ್ಲೂ ಮಾಯಾ ಅಥವಾ ಆಜ್ಟೆಕ್ ಅಂದರೆ, ಟೀಚರ್ ಕೈಯಲ್ಲಿದ್ದ ಮಣ್ಣನ್ನು ಹಲಗೆಯ ಮೇಲೆ ಕುಕ್ಕುತ್ತಿದ್ದರು.

“ನಿನ್ನನ್ನ ಎಲ್ಲರೂ ಪಂಜಾಬಿ ಅಂದರೆ ಹೇಗಿರುತ್ತೆ?” ಎಂದು ಒಮ್ಮೆ ನನ್ನನ್ನು ಕೇಳಿದರು.

“ಅಂತಾರೆ ಟೀಚರ್.”

“ಮತ್ತೆ ನೀನ್ಯಾಕೆ ಸುಮ್ಮನಿರ್ತೀಯ?”

ಅವರ ತಂದೆ ಆ ಕರಾವಳಿಯಲ್ಲಿ ಸಂಶೋಧಕರು ಗೋರಿಗಳನ್ನು ಅಗೆಯುತ್ತಿದ್ದ ಜಾಗದಲ್ಲಿ ಕಾವಲುಗಾರರು. ಟೀಚರ್ ಆಗಿನ್ನೂ ಚಿಕ್ಕ ವಯಸ್ಸಿನವರು; ಅಗೆದು ತೆಗೆದ ಒಡಕು ಪಾತ್ರೆಗಳನ್ನು ಕೂಡಿಸುವ ಕೆಲಸ ಅವರದು. ಒಂದು ಮುಖದ ಮಡಕೆಯನ್ನು ಚಳಿಗಾಲವಿಡೀ ಕೂತು ಜೋಡಿಸಿದರು. ಆ ಕಸುಬಿನಲ್ಲಿ ಒಂದು ಕಟ್ಟುಪಾಡಿದೆಯಂತೆ. ಹೊರಗೆ ಬೆಸುಗೆ ಕಾಣದಿದ್ದರೂ ಒಳಗೆ ಗೊತ್ತಾಗಬೇಕು. ಯಾವುದು ಹಳೆಯದು, ಯಾವುದು ತಾನು ತುಂಬಿದ್ದು ಎಂಬುದರಲ್ಲಿ ಮುಂದಿನವರಿಗೆ ಸುಳ್ಳು ಹೇಳಬಾರದು. ಎಡಗಿವಿಯ ಹಿಂದೆ, ಒಳಗಡೆ ತುಂಬಿದ ಪ್ಲಾಸ್ಟರ್ ಹಸಿಯಿದ್ದಾಗಲೇ ಅವರು ಹುಡುಗಾಟಕ್ಕೆ ತಮ್ಮ ಹೆಬ್ಬೆರಳನ್ನು ಒತ್ತಿಬಿಟ್ಟರು. ಮರುವರ್ಷ ಆ ಮಡಕೆ ಉಗ್ರಾಣದಿಂದ ಕಾಣೆಯಾಯಿತು. ಅವರ ಮನೆಯಲ್ಲೇ ವಾರಗಟ್ಟಲೆ ಉಂಡು ಮಲಗಿದ್ದ ಒಬ್ಬ ಅಮೆರಿಕನ್, ಕಾವಲುಗಾರನೇ ಅದನ್ನು ಮಾರಿಕೊಂಡ ಎಂದು ಪೊಲೀಸರಿಗೆ ಹೇಳಿ ಊರು ಬಿಟ್ಟ. ಕದ್ದವನು ಅವನೇ ಎಂದು ಟೀಚರಿಗೆ ಗೊತ್ತಿತ್ತು. ತೋರಿಸಲು ಸಾಕ್ಷಿ ಇರಲಿಲ್ಲ. ಜೈಲಿನಿಂದ ಬಂದ ಮೇಲೆ ಅವರ ತಂದೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡೇ ಕೂರುತ್ತಿದ್ದರಂತೆ. ಹಾಗೆ ಕೂತೇ ತೀರಿಕೊಂಡರು. ಆ ಅಮೆರಿಕನ್ನನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟು ಮರ್ಯಾದೆಗೂ ಅವನು ಯೋಗ್ಯನಲ್ಲ.

ಒಂದು ವರ್ಷ ದಸರಾಕ್ಕೆ ನನ್ನ ಗೆಳತಿಯೊಬ್ಬಳು ನಮ್ಮೂರಿನ ಹತ್ತಿರದ ಪ್ರಾಸ್ಪರ್‌ನ ತನ್ನ ಹೊಸ ಮನೆಯಲ್ಲಿ ಗೊಂಬೆ ಕೂರಿಸಿದ್ದಳು. ಮಣ್ಣಿನ ಗೊಂಬೆ ನೋಡಲು ಇಷ್ಟವಾದೀತೆಂದು ಟೀಚರನ್ನೂ ಅರಿಶಿನ ಕುಂಕುಮಕ್ಕೆ ಕರೆದುಕೊಂಡು ಹೋದೆ. ಪಟ್ಟದ ಗೊಂಬೆಗಳ ಪಕ್ಕದಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡು, ಕಂಠದ ತುಂಬ ಚೆಂಡುಹೂ ತುಂಬಿಕೊಂಡು ಒಂದು ಮಣ್ಣಿನ ಮುಖ ಕೂತಿತ್ತು.

“ಇಂಕಾ ರಾಜ ಕಣ್ರೀ,” ಎಂದಳು ಗೆಳತಿ. “ಹ್ಯೂಸ್ಟನ್ ಗ್ಯಾಲರಿಯಿಂದ ತಂದದ್ದು. ನಮ್ಮನೆಯವರು ಶೋಕೇಸಲ್ಲೇ ಇರಲಿ ಅಂದ್ರು. ರಾಜ ಅಂದಮೇಲೆ ಪಟ್ಟದ ಗೊಂಬೆ ಪಕ್ಕ ಇರಬೇಕು ತಾನೇ?”

ಹೆಣದ ಜೊತೆ ಹೂತಿದ್ದ ಪಾತ್ರೆಗೆ ನಾವೆಲ್ಲ ಅದಾಗಲೇ ಆರತಿ ಎತ್ತಿ, ಹಾಡೂ ಹೇಳಿ ಮುಗಿಸಿದ್ದೆವು.

ಇಂಕಾ ಎಂಬ ಮಾತು ಕೇಳಿಯೂ ಟೀಚರ್ ತಿದ್ದದೆ ಇದ್ದದ್ದು ಅದೊಂದೇ ಸಲ. ಹೂಗಳನ್ನು ಒಂದೊಂದಾಗಿ ತೆಗೆದು ನನ್ನ ಸೆರಗಿಗೆ ಹಾಕಿದರು. ಬೆರಳುಗಳನ್ನು ಒಳಗೆ ಇಳಿಬಿಟ್ಟರು. “ಕೂರಿಸಿದ ಗೊಂಬೆ ಮುಟ್ಟಬಾರದು ಅಂತ ಹೇಳ್ರೀ ಅವರಿಗೆ,” ಎಂದು ಗೆಳತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ಹೇಳಲಿಲ್ಲ. ಎಡಗಿವಿಯ ಹಿಂದೆ ಟೀಚರ್ ಬೆರಳು ನಿಂತುಬಿಟ್ಟಿತ್ತು. ಅವರ ಕತ್ತಿನ ನರ ಎದ್ದದ್ದು ನನಗೆ ಕಂಡಿತು. ಆಮೇಲೆ ಕೈ ತೆಗೆದು, ತುಂಬ ನಯವಾಗಿ, ಇಷ್ಟು ಚೆನ್ನಾದದ್ದನ್ನು ಮಾರಿದವರು ಯಾರು ಎಂದು ಕೇಳಿದರು. ಗೆಳತಿ ಸಂಭ್ರಮದಿಂದ ಗ್ಯಾಲರಿಯವನ ಹೆಸರು ಹೇಳಿದಳು. ಟೀಚರ್ ಕೂತು, ಕಡಲೆಕಾಳಿನ ಉಸಲಿಯನ್ನು ಪೂರ್ತಿ ತಿಂದು, ತಾಂಬೂಲ ತೆಗೆದುಕೊಂಡು ಎದ್ದರು.

ಕಾರಿನಲ್ಲಿ ಸೀಟ್‌ಬೆಲ್ಟ್ ಹಾಕಿಕೊಂಡ ಮೇಲೆಯೇ ಬಾಯಿ ಬಿಟ್ಟದ್ದು. “ಅವನೇ. ಇನ್ನೂ ಬದುಕಿದ್ದಾನೆ,” ಎಂದರು. “ಸದ್ಯ.”

ಪ್ಲೇನೋ ತಲುಪುವ ಹೊತ್ತಿಗೆ ಉಳಿದದ್ದನ್ನೂ ಹೇಳಿದರು. ಅವರು ಅಧಿಕಾರಿಗಳ ಹತ್ತಿರ ಹೋಗುವವರಿದ್ದರು. ಆ ಹೆಸರು ಕಿವಿಯಾರೆ ಕೇಳಿದ್ದವಳು ನಾನು. ನಾನೂ ಬಂದು ಹೇಳಬೇಕಿತ್ತು. “ನಿನ್ನ ಗೆಳತಿ ನಿನಗೆ ಉಳಿಯೋದಿಲ್ಲ. ಯೋಚನೆ ಮಾಡು,” ಎಂದರು.

ನನ್ನ ಗಂಡನಿಗೆ ದಿಗಿಲಾಯಿತು. “ಗ್ರೀನ್ ಕಾರ್ಡೇ ಇನ್ನೂ ಕೈಗೆ ಬಂದಿಲ್ಲ, ನಮಗ್ಯಾಕೆ ಬೇಕು ಪೆರು ದೇಶದ ಉಸಾಬರಿ?” ಎಂದರು. ಅವರು ಹೇಳಿದ್ದು ತಪ್ಪಲ್ಲ. ಆದರೆ ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ ನನ್ನ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಆ ಶುಕ್ರವಾರ ಡಲ್ಲಾಸಿಗೆ ಹೋಗಿ ಕೇಳಿದ್ದನ್ನು ಕೇಳಿದ ಹಾಗೆ ಹೇಳಿ ಸಹಿ ಹಾಕಿ ಬಂದೆ.

ಪ್ಲಾಸ್ಟರಿನ ಗುರುತು ಟೀಚರ್ ಹೆಬ್ಬೆರಳಿಗೆ ಗೆರೆಗೆ ಗೆರೆ ಹೊಂದಿತು. ಗ್ಯಾಲರಿಯ ಹಿಂದಿನ ಕೋಣೆಯಲ್ಲಿ ಗೋರಿಗಳಿಂದ ಬಂದ ಇನ್ನಷ್ಟು ಸಾಮಾನು ಸಿಕ್ಕಿತು. ಗ್ಯಾಲರಿಗೆ ಬೀಗ ಬೀಳುವ ದಿನ ಟೀಚರ್ ನನ್ನಿಂದ ಹ್ಯೂಸ್ಟನ್‌ವರೆಗೂ ಡ್ರೈವ್ ಮಾಡಿಸಿದರು. ರಸ್ತೆಯ ಈಚೆ ಫುಟ್‌ಪಾತಿನಲ್ಲಿ ಮಡಚುವ ಕುರ್ಚಿ ಹಾಕಿಸಿಕೊಂಡು, ನಾನು ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿನ್ನುತ್ತ ಕಾದರು. ಬಿಳಿಕೂದಲಿನ ಆ ಮನುಷ್ಯ ಹೊರಗೆ ಬಂದು ಕಾರು ಹತ್ತುವಾಗ, ಒಂದೇ ಒಂದು ಸಲ, ಗಟ್ಟಿಯಾಗಿ ತಮ್ಮ ತಂದೆಯ ಹೆಸರು ಹೇಳಿದರು. ಅವನ ಕೈ ಕಾರಿನ ಬಾಗಿಲ ಮೇಲೆ ಹಾಗೆಯೇ ನಿಂತಿತು. ಟೀಚರ್ ನನ್ನ ಕಡೆ ತಿರುಗಿ, ಕಡಲೆಕಾಯಿಬೀಜ ಇನ್ನಷ್ಟು ಹಾಕಬಹುದಿತ್ತು ಎಂದರು. ನನಗೆ ಅವತ್ತಿನಷ್ಟು ಸಂತೋಷ ಯಾವ ಹಬ್ಬದಲ್ಲೂ ಆಗಿಲ್ಲ.

ಗೆಳತಿ ನನ್ನನ್ನು ಬಿಟ್ಟಳು. ಕನ್ನಡ ಸಂಘದ ಯುಗಾದಿ ಊಟದ ದಿನ, “ಕುಂಕುಮಕ್ಕೆ ಕರೆದರೆ ಪೊಲೀಸ್ ಕರ್ಕೊಂಡು ಬರ್ತಾರೆ, ಹುಷಾರು,” ಎಂದು ಹಾಲ್‌ನಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದಳು. ನನ್ನ ಪಕ್ಕದ ಕುರ್ಚಿಗಳು ಖಾಲಿಯೇ ಉಳಿದವು. ಅವಳಿಗೆ ‘ಸಾರಿ’ ಅಂದುಬಿಡು, ಮುಗಿಯುತ್ತೆ ಎಂದು ಗಂಡನೂ ಹೇಳಿ ನೋಡಿದರು. ಟೀಚರ್ ಮಾತ್ರ, ಅವಳು ತಿಳಿಯದೆ ಕೊಂಡವಳು, ಅವಳ ಮೇಲೆ ಸಿಟ್ಟು ಬೇಡ, ಆದರೆ ನಿಜ ಹೇಳಿದ್ದಕ್ಕೆ ಸಾರಿಯೂ ಬೇಡ ಎಂದರು.

ಗ್ಯಾಲರಿಯವನು ತಪ್ಪು ಒಪ್ಪಿಕೊಂಡ. ವಯಸ್ಸಾಗಿದೆ ಎಂದು ಅವನನ್ನು ಜೈಲಿಗೆ ಹಾಕಲಿಲ್ಲ. ಆ ಸುದ್ದಿ ಬರುವ ಹೊತ್ತಿಗೆ ಟೀಚರ್ ಕ್ಯಾನ್ಸರ್ ಆಗಿ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ತಂಗಿಯ ಮನೆಯಲ್ಲಿದ್ದರು. ನಾನು ಶನಿವಾರಗಳಂದು ಡ್ರೈವ್ ಮಾಡಿಕೊಂಡು ಹೋಗಿ, ಅವರಿಗೆ ತಿಳಿಸಾರು ಕುಡಿಸಿ ಬರುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಅವನ ಫೋನ್ ಬಂತು. ಸ್ಪೀಕರಿಗೆ ಹಾಕೆಂದು ಟೀಚರ್ ಸನ್ನೆ ಮಾಡಿದರು. ಅವನ ಉಸಿರು ಸೀಟಿ ಹೊಡೆಯುತ್ತಿತ್ತು. ನಿಮ್ಮ ತಂದೆಗೆ ಅನ್ಯಾಯ ಮಾಡಿದೆ, ಈ ಭಾರ ಹೊತ್ತುಕೊಂಡು ಸಾಯಲಾರೆ, ಕ್ಷಮಿಸಿದೆ ಎಂದು ಒಂದು ಮಾತು ಹೇಳಿಬಿಡಿ ಎಂದ.

ಟೀಚರಿಗೆ ಆಗ ಮಾತು ಹೊರಡುತ್ತಿರಲಿಲ್ಲ. ನನ್ನನ್ನು ನೋಡಿ, ದಿಂಬಿನ ಮೇಲೆ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿಸಿದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಜಗಳವಾಡಿದವರು ಸಂಜೆ ಬೆಲ್ ಹೊಡೆಯುವ ಮುಂಚೆ ಕೈಕುಲುಕಿ ‘ಪರವಾಗಿಲ್ಲ’ ಅನ್ನದೆ ಸಿಸ್ಟರ್ ನಮ್ಮನ್ನು ಗೇಟು ದಾಟಿಸುತ್ತಿರಲಿಲ್ಲ. ಆ ಮಾತು ತಾನಾಗಿಯೇ ನನ್ನ ತುಟಿಯವರೆಗೂ ಬಂದಿತ್ತು. ಸಾಯುವ ಇಬ್ಬರ ನಡುವೆ ನಾನು ಒಂದು ಒಳ್ಳೆಯ ಸುಳ್ಳು ಹೇಳಿದ್ದರೆ ಯಾಕೆಂದು ಕೇಳುವವರು ಯಾರೂ ಇರಲಿಲ್ಲ.

“ಅವರು ಕೇಳಿಸಿಕೊಂಡರು,” ಎಂದೆ. “ಕ್ಷಮಿಸೋದಿಲ್ಲವಂತೆ.”

ಇನ್ನೊಂದು ಸಲ ಕೇಳಿ ನೋಡಿ, ದಯವಿಟ್ಟು ಎಂದ.

“ಕೇಳೋದಿಲ್ಲ. ಆ ಭಾರ ನಿಮ್ಮ ಹತ್ತಿರವೇ ಇರಲಿ,” ಎಂದು ಫೋನ್ ಇಟ್ಟೆ.

ಟೀಚರ್ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಎಂದರೆ ಬಳೆ ಚರ್ಮಕ್ಕೆ ಒತ್ತಿತು. ನೋವಾದರೂ ನಾನು ಕೈ ಎಳೆದುಕೊಳ್ಳಲಿಲ್ಲ. ಮುಂದಿನ ಶನಿವಾರಕ್ಕೆ ಅವರು ಇರಲಿಲ್ಲ.