ಅಹಲ್ಯಾ ಕರೆದ ಹೆಸರು

ಅಮೀರ್‌ಪೇಟೆಯ ಆ ಮೂರನೆಯ ಮಹಡಿಯ ಇಂಗ್ಲಿಷ್ ಕ್ಲಾಸಿನ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳು ಅಹಲ್ಯಾ. ಉಳಿದವರೆಲ್ಲ ಆಗಷ್ಟೇ ಇಂಜಿನಿಯರಿಂಗ್ ಮುಗಿಸಿ ಕಂಪನಿಗಳ ಬಾಗಿಲು ತಟ್ಟುತ್ತಿದ್ದ ಹುಡುಗ ಹುಡುಗಿಯರು. ಕೆಳಗಿನ ಮಹಡಿಯಲ್ಲಿ ಜಾವಾ ಕಲಿಸುತ್ತಿದ್ದರು, ಅದರ ಕೆಳಗೆ ಒರಾಕಲ್, ರಸ್ತೆಗೆ ಹತ್ತಿಕೊಂಡು ಮಿರ್ಚಿ ಬಜ್ಜಿಯ ಬಂಡಿ. ಆ ಕಾಲದಲ್ಲಿ ಇಡೀ ಕಟ್ಟಡಕ್ಕೇ ಅವಸರ ಹಿಡಿದಿತ್ತು. ಮೊದಲ ದಿನ ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಟೀಚರ್ ಬಂದರೆಂದು ಮುಂದಿನ ಬೆಂಚಿನವರು ಎದ್ದು ನಿಂತರು. ಅವಳು ತಲೆ ತಗ್ಗಿಸಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಾಗ ಆ ಹುಡುಗರ ಮುಖ ನೋಡುವಂತಿತ್ತು.

ಅಹಲ್ಯಾಳಿಗೆ ಆ ಶ್ರಾವಣಕ್ಕೆ ಮೂವತ್ತೈದು ತುಂಬುವುದಿತ್ತು. ಸಂಕಟವೆಲ್ಲ ಅದೇ. ಮೊಬೈಲು ಕಂಪನಿಯೊಂದು ಬೇಗಂಪೇಟೆಯಲ್ಲಿ ಕಸ್ಟಮರ್ ಕೇರ್ ಆಫೀಸು ತೆರೆದಿತ್ತು. ಕನ್ನಡ, ತೆಲುಗು, ಹಿಂದಿ ಬರುವವರು ಬೇಕು, ಇಂಗ್ಲಿಷ್ ಬರಲೇಬೇಕು, ವಯಸ್ಸು ಮೂವತ್ತೈದು ದಾಟಿರಬಾರದು ಎಂದು ಪೇಪರಿನಲ್ಲಿ ಹಾಕಿಸಿತ್ತು. ರಾಯಚೂರಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಮೆಹದಿಪಟ್ಟಣಕ್ಕೆ ಬಂದವಳಿಗೆ ಮೊದಲ ಮೂರು ಭಾಷೆ ತಾವಾಗಿಯೇ ಬಂದಿದ್ದವು. ಮನೆಯೊಳಗೆ ಕನ್ನಡ, ಮನೆ ಮಾಲೀಕರ ಜೊತೆ ತೆಲುಗು, ತರಕಾರಿಯವನ ಜೊತೆ ಹಿಂದಿ. ನಾಲ್ಕನೆಯದು ಮಾತ್ರ ಕೈಕೊಡುತ್ತಿತ್ತು. ಬಟ್ಟೆ ಒಣಹಾಕುತ್ತ ಗ್ಯಾಲರಿಯಲ್ಲಿ ನಿಂತರೆ, ಕೆಳಗೆ ಕಂಪನಿಯ ಬಿಳಿ ಗಾಡಿಗಳು ಬಂದು ಓಣಿಯ ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತಿದ್ದವು. ಊರಿಗೆ ಊರೇ ಎಲ್ಲಿಗೋ ಹೊರಟಿದೆ, ತಾನೊಬ್ಬಳೇ ಬಟ್ಟೆಯ ಕ್ಲಿಪ್ಪು ಹಿಡಿದು ನಿಂತಿದ್ದೇನೆ ಅನ್ನಿಸಿ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಈ ಸಲ ತಪ್ಪಿದರೆ ಮುಂದೆ ಯಾರೂ ಕರೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಕಲಿಸುವ ಸಾರ್ ಗುಂಟೂರಿನ ಕಡೆಯವರು. ಅಷ್ಟು ಸಣ್ಣ ಕೋಣೆಯಲ್ಲೂ ಮೈಕು ಹಿಡಿದು ಪಾಠ ಹೇಳುತ್ತಿದ್ದರು. ಕ್ಯಾನ್ ಅಂದರೆ ನಿನ್ನ ಕೈಲಾಗುತ್ತದೆ, ಮಸ್ಟ್ ಅಂದರೆ ಮಾಡದೆ ಗತಿಯಿಲ್ಲ, ಶುಡ್ ಅಂದರೆ ಮಾಡಿದರೆ ಒಳ್ಳೆಯದು, ಮಾಡದಿದ್ದರೆ ನಿನ್ನ ಹಣೆಬರಹ. ಅಹಲ್ಯಾಳಿಗೆ ಇದೆಲ್ಲ ಬೇಗ ತಲೆಗೆ ಹತ್ತಿತು, ಯಾಕೆಂದರೆ ಅವಳು ಅದನ್ನು ಮನೆಯ ಮಂದಿಗೆ ಹಂಚಿಬಿಟ್ಟಳು. ಅತ್ತೆ ಸಾವಿತ್ರಿಬಾಯಿ ಆಡುವುದೆಲ್ಲ ಮಸ್ಟ್. ಗಂಡನದು ಸದಾ ಮೇ, ಆದರೂ ಆದೀತು, ಬಿಟ್ಟರೂ ಬಿಟ್ಟೀತು. ಕ್ಯಾನ್ ಯಾರ ಪಾಲಿಗೆ ಬಂದಿದೆ ಎಂದು ಹುಡುಕಿದರೆ ಆ ಮನೆಯಲ್ಲಿ ಒಬ್ಬರೂ ಸಿಗಲಿಲ್ಲ.

ಕ್ರಿಯಾಪದದ ಕಾಲಗಳು ಮಾತ್ರ ಸುಮ್ಮನೆ ಬಿಡಲಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ಜೋತಾಡುತ್ತ ಬಾಯಲ್ಲೇ ಮಣಮಣ ಅನ್ನುತ್ತಿದ್ದಳು. ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತ, ಐ ಬೀಟ್ ದ ರೊಟ್ಟಿ, ಐ ಆಮ್ ಬೀಟಿಂಗ್, ಐ ಹ್ಯಾವ್ ಬೀಟನ್, ಐ ಹ್ಯಾಡ್ ಬೀಟನ್ ಎಂದು ಕೈಗೆ ಬಾಯಿ ಸೇರಿಸಿ ಹೊಡೆಯುತ್ತಿದ್ದಳು. ರೊಟ್ಟಿ ಸೀದು ಹೋಗುತ್ತಿದ್ದವು. ಸೊಸೆ ಯಾರಿಗೋ ಶಾಪ ಹಾಕುತ್ತಿದ್ದಾಳೆಂದು ಸಾವಿತ್ರಿಬಾಯಿ ಮಗನ ಹತ್ತಿರ ದೂರು ಕೊಟ್ಟರು.

ಆ ಮಗನ ಹೆಸರು ಅಹಲ್ಯಾ ಹೇಳುವುದಿಲ್ಲ. ಅವಳು ಹೇಳದಿದ್ದರೇನು, ನಾವು ಹೇಳೋಣ: ಶಿವಾನಂದ. ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಮೆತ್ತನೆಯ ಮನುಷ್ಯ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯಕ್ಕೆ ಕೇಡು ಎಂದು ತವರಿನಲ್ಲಿ ಕಲಿತು ಬಂದವಳು ಅವಳು. ಮದುವೆಯಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಗಂಡನ ಹೆಸರು ಸೇರಿಸಿದ ಒಡಪು ಹೇಳಿಸಿದಾಗಲೂ ಹೆಸರಿನ ಜಾಗ ಬಂದಾಗ ಬರೀ ತುಟಿ ಅಲ್ಲಾಡಿಸಿ ಪಾರಾಗಿದ್ದಳು. ಗ್ಯಾಸಿನವನು ಯಾರ ಹೆಸರಿನಲ್ಲಿದೆ ಎಂದರೆ ಪುಸ್ತಕ ತೋರಿಸುವಳು. ದೇವರನ್ನೂ ಅಷ್ಟೇ, ಈಶ್ವರ ಎನ್ನುವಳೇ ಹೊರತು ಇನ್ನೊಂದು ಹೆಸರಿನಿಂದ ಕರೆದವಳಲ್ಲ. ಇದು ಅವಳಿಗೆ ಎಂದೂ ಭಾರ ಅನ್ನಿಸಿರಲಿಲ್ಲ. ಕರೆಯಲು "ಇಲ್ಲಿ ಕೇಳ್ರಿ" ಸಾಕಾಗಿತ್ತು.

ಇಂಗ್ಲಿಷ್ ಕ್ಲಾಸಿಗೆ ಹೋಗು ಎಂದು ಫೀ ಕಟ್ಟಿ ಬಂದವನೂ ಶಿವಾನಂದನೇ. ಸಂಜೆ ಚಹಾ ಕುಡಿದು, ಟಿವಿ ರಿಮೋಟನ್ನು ಕಿವಿಗೆ ಹಿಡಿದು ಗಿರಾಕಿಯಾಗುತ್ತಿದ್ದ. ಅವನ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ಕನ್ನಡದಲ್ಲೇ ಜಗಳ ತೆಗೆಯುತ್ತಿದ್ದ. ರೊಕ್ಕ ಹಾಕಿಸೀನಿ, ಬ್ಯಾಲೆನ್ಸ್ ಬಂದಿಲ್ಲ, ನಿಮ್ಮ ಕಂಪನಿ ಬರೇ ಲಫಡಾ ಐತಿ ಎಂದು ರೇಗುತ್ತಿದ್ದ. ಅವಳು ಕುಡ್ ಯೂ ಪ್ಲೀಸ್, ಮೇ ಐ ನೋ ಎಂದು ಸಮಾಧಾನ ಮಾಡಬೇಕು. ಫೋನು ಮಾಡಿದ ಗಿರಾಕಿಯನ್ನು ಹೆಸರು ಹಿಡಿದೇ ಮಾತಾಡಿಸಬೇಕು, ಬರೀ ಸಾರ್ ಅಂದರೆ ಅಂಕ ಇಲ್ಲ ಎಂಬುದು ಕಂಪನಿಯ ನಿಯಮವಂತೆ. ಹೀಗಾಗಿ ಅವನು ಒಂದು ದಿನ ರೆಡ್ಡಿ, ಒಂದು ದಿನ ಖಾನ್ ಸಾಹೇಬ. ಒಂದು ಸಂಜೆ ಮಾತ್ರ, ಇವತ್ತು ನಾನು ನಾನೇ, ನನ್ನ ಹೆಸರಲೇ ಕರಿ ಅಂದ. ಹಾಲು ಉಕ್ಕುತ್ತಿದೆ ಎಂದು ಅವಳು ಎದ್ದು ಹೋದಳು. ಅವನು ನಕ್ಕ, ಮತ್ತೆ ರೆಡ್ಡಿಯಾದ.

ಕಂಪನಿಯ ಪರೀಕ್ಷೆಯ ದಿನ ಅಹಲ್ಯಾ ಬೆಳಗಿನಿಂದ ನೀರು ಕೂಡ ಸರಿಯಾಗಿ ಕುಡಿದಿರಲಿಲ್ಲ. ಗಾಜಿನ ಕೋಣೆ, ಮೇಜಿನ ಮೇಲೊಂದು ಫೋನು, ಎದುರಿಗೆ ಕನ್ನಡಕದ ತೆಲುಗು ಹೆಂಗಸು. ಪಕ್ಕದ ಕೋಣೆಯಿಂದ ಯಾರೋ ಗಿರಾಕಿಯಂತೆ ಫೋನು ಮಾಡುತ್ತಾರೆ, ಹೆಸರು, ಊರು ಈ ಕಾರ್ಡಿನಲ್ಲಿವೆ ಎಂದು ಆಕೆ ಕಾರ್ಡು ಮುಂದಿಟ್ಟಳು. ಶಿವಾನಂದ್, ರಾಯಚೂರು ಎಂದಿತ್ತು.

ಫೋನು ರಿಂಗಾಯಿತು. ಅಹಲ್ಯಾ ಎತ್ತಿದಳು. ಇಂಗ್ಲಿಷ್ ನೀರು ಹರಿದಂತೆ ಬಂತು. ಕ್ಯಾನ್ ಎಲ್ಲಿ, ಕುಡ್ ಎಲ್ಲಿ, ಹ್ಯಾವ್ ಎಲ್ಲಿ, ಹ್ಯಾಡ್ ಎಲ್ಲಿ ಎಂದು ಯೋಚಿಸುವ ಕೆಲಸವೇ ಬೀಳಲಿಲ್ಲ. ಹೆಸರಿನ ಹತ್ತಿರ ಬಂದಾಗಲೆಲ್ಲ ಮಾತ್ರ ನಾಲಿಗೆ ಸಾರ್ ಎಂದು ಪಕ್ಕಕ್ಕೆ ಸರಿಯಿತು. ಫೋನಿನವನು ನನ್ನ ಹೆಸರೇನೆಂದು ನಿಮಗೆ ಗೊತ್ತಿದೆಯೇ ಎಂದು ಕೇಳಿಯೇಬಿಟ್ಟ. ಎಸ್ ಸಾರ್ ಅಂದಳು. ಕನ್ನಡಕದ ಹೆಂಗಸು ಕೈಯೆತ್ತಿ ಕರೆ ನಿಲ್ಲಿಸಿ, ಇಷ್ಟು ಚೆನ್ನಾಗಿ ಮಾತಾಡುವವರು ಹೆಸರು ಯಾಕೆ ನುಂಗುತ್ತೀರಿ ಎಂದು ತೆಲುಗಿನಲ್ಲಿ ಕೇಳಿದಳು.

ಅಹಲ್ಯಾ ಇದ್ದದ್ದು ಇದ್ದಹಾಗೆ ಹೇಳಿದಳು. ಆ ಹೆಂಗಸು ನಗಲಿಲ್ಲ. ತನ್ನ ಅಜ್ಜಿಯೂ ಹಾಗೇ ಇದ್ದಳು ಎಂದು ಹೇಳಿ, ಡ್ರಾಯರಿನಿಂದ ಬೇರೆ ಕಾರ್ಡು ತೆಗೆದು ಕೊಡಲು ಬಂದಳು.

ಆ ಕಾರ್ಡು ತಗೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅಹಲ್ಯಾಳ ಕೈ ಮುಂದೆ ಹೋಗಿತ್ತು ಕೂಡ. ಆದರೆ ಅವಳು ರಾಯಚೂರಿನವಳು. ಆ ಸೀಮೆಯಲ್ಲಿ ಓಣಿಗೆ ಇಬ್ಬರು ಆ ಹೆಸರಿನವರಿರುತ್ತಾರೆಂದು ಅವಳಿಗೆ ಗೊತ್ತಿಲ್ಲವೇ? ಕನ್ನಡದ ಕರೆಗಳೆಲ್ಲ ತನಗೇ ಬರುತ್ತವೆ. ನಾಳೆ ಆ ಹೆಸರು ಬಂದಾಗಲೆಲ್ಲ ಯಾರ ಹತ್ತಿರ ಹೋಗಿ ಕಾರ್ಡು ಬದಲಿಸಿಕೊಡಿ ಎಂದು ಕೇಳುವುದು? ಬೇಡ, ಇದೇ ಇರಲಿ ಎಂದು ಹೇಳಿ ಹಳೆಯ ಕಾರ್ಡನ್ನೇ ಮುಂದೆ ಎಳೆದುಕೊಂಡಳು.

ಮತ್ತೆ ಫೋನು ರಿಂಗಾಯಿತು. ಗುಡ್ ಮಾರ್ನಿಂಗ್ ಮಿಸ್ಟರ್ ಶಿವಾನಂದ್, ಹೌ ಮೇ ಐ ಹೆಲ್ಪ್ ಯೂ ಅಂದಳು. ಅಂದು ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಎರಡನೆಯ ಸಲ ಧ್ವನಿ ನಡುಗಲಿಲ್ಲ, ಮೂರನೆಯ ಸಲ ದಿನವೂ ಕರೆಯುವ ಯಾವುದೋ ಹೆಸರಿನಂತೆ ಬಂದುಬಿಟ್ಟಿತು. ಇಷ್ಟು ಸಲೀಸಾಯಿತಲ್ಲ ಎಂದು ಅವಳಿಗೆ ಖುಷಿಯೂ ಆಯಿತು, ಏನೋ ಕಳೆದುಕೊಂಡಂತೆಯೂ ಆಯಿತು. ಸೋಮವಾರದಿಂದ ಬನ್ನಿ ಅಂದರು.

ಸಂಜೆ ಶಿವಾನಂದ ಬಂದ ಕೂಡಲೇ ಚಹಾ ಕೊಟ್ಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೆಲಸ ಸಿಕ್ಕಿತೆಂದಾಗ ಅವನ ಮುಖ ಅರಳಿತು. ಕಾರ್ಡಿನ ಮಾತು ಬಂದಾಗ ಅವನು ಕಪ್ಪು ಕೆಳಗಿಟ್ಟ.

"ಹೆಸರು ಅಂದೇನು?"

"ಅಂದೆರಿ. ಅನ್ನದಿದ್ರ ಕೆಲಸ ಕೈ ಬಿಡ್ತಿತ್ತು."

"ಯಾರ ಯಾರ ಕಿವಿಗೆ ಬಿತ್ತು?"

"ಆ ಕನ್ನಡಕದ ಬಾಯಿ ಕೇಳಿದ್ಳು. ಮತ್ತ ಬಾಜೂ ಖೋಲಿಯೊಳಗ ಫೋನ್ ಹಿಡದಾಂವ."

ಅವನು ಗ್ಯಾಲರಿಯ ಕಡೆ ನೋಡಿದ. "ಭಾಳ ಚಲೋ ಆತು ಬಿಡು," ಅಂದ. ಆಮೇಲೆ, "ನನ್ನ ಕಿವಿಗೆ ಒಂದು ಸಲಾನೂ ಬಿದ್ದಿಲ್ಲ ನೋಡು," ಅಂದ.

ಸಿಟ್ಟಿನಿಂದ ಅಂದಿದ್ದರೆ ಅಹಲ್ಯಾ ಉತ್ತರ ಕೊಡುತ್ತಿದ್ದಳು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಆ ಹೆಸರನ್ನು ಅವಳು ಅವನ ಸಲುವಾಗಿ ಕಾಯ್ದಿದ್ದಳು. ಅದು ತನ್ನ ಕಿವಿಗೂ ಒಮ್ಮೆ ಬೀಳಲಿ ಎಂದು ಅವನು ಕಾಯುತ್ತಿದ್ದಿರಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಕೊನೆಗೆ ಅದನ್ನು ಯಾರೋ ಪರಕೀಯನ ಕೈಗೆ ಕೊಟ್ಟು ಕೆಲಸ ತಂದಿದ್ದಳು.

ಈಗಲೇ ಕರೆಯುತ್ತೇನೆ ಎಂದು ಅವನ ಎದುರು ಕೂತಳು. ಬಾಯಿ ತೆರೆದಳು. ಬೆಳಿಗ್ಗೆ ಅಷ್ಟು ಸಲೀಸಾಗಿ ಬಂದದ್ದು ಈಗ ಬಾಯಿಗೆ ಬರಲೊಲ್ಲದು. ಮತ್ತೆ ಪ್ರಯತ್ನಿಸಿದಳು. ಅವನ ಕಣ್ಣು ಕಂಡರೆ ನಾಲಿಗೆ ಕಟ್ಟುತ್ತಿತ್ತು. ಇರಲಿ ಬಿಡು, ಒತ್ತಾಯವೇನಿಲ್ಲ ಎಂದು ಅವನು ಏಳಹೋದ.

"ನಿಂದರ್ರಿ," ಅಂದಳು. "ಕೆಳಗ ಎಸ್‌ಟಿಡಿ ಬೂತಿಗೆ ಹೋಗಿ ಮನಿಗೆ ಫೋನ್ ಹಚ್ಚರಿ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದ.

ಫೋನಿದ್ದದ್ದು ಪಡಸಾಲೆಯಲ್ಲಿ. ಪಕ್ಕದಲ್ಲೇ ಸಾವಿತ್ರಿಬಾಯಿ ಮೊರದಲ್ಲಿ ಬೇಳೆ ಆರಿಸುತ್ತ ಕೂತಿದ್ದರು. ಅಹಲ್ಯಾ ಬಂದು ನಿಂತಳು, ಸೆರಗು ಸರಿಮಾಡಿಕೊಂಡಳು, ಅತ್ತೆಯ ಕಡೆ ನೋಡಿದಳು, ನೋಡಬಾರದಿತ್ತು ಅಂದುಕೊಂಡಳು. ಫೋನು ಬರುವುದೋ ಇಲ್ಲವೋ ಎಂದುಕೊಳ್ಳುತ್ತಿರುವಾಗಲೇ ಅದು ರಿಂಗಾಯಿತು. ಎತ್ತಿದಳು. ಆ ಕಡೆ ಬಸ್ಸಿನ ಹಾರ್ನು, ರಸ್ತೆಯ ಗದ್ದಲ, ಅದರ ನಡುವೆ ಅವನ ಉಸಿರು.

"ಶಿವಾನಂದ," ಅಂದಳು.

ಮೊರದ ಮೇಲೆ ಆಡುತ್ತಿದ್ದ ಅತ್ತೆಯ ಕೈ ನಿಂತಿತು. ಆ ಕಡೆಯಿಂದ ಬರೀ ಬಸ್ಸಿನ ಹಾರ್ನು ಕೇಳಿಸಿತು. ಫೋನು ಕಟ್ಟಾಯಿತೇನೋ ಎಂದು ಅವಳು ಹಲೋ ಎನ್ನುವಷ್ಟರಲ್ಲಿ ಅವನ ದನಿ ಕೇಳಿಸಿತು.

"ಇನ್ನೊಮ್ಮೆ ಅನ್ನು," ಅಂದ ಶಿವಾನಂದ.